ನೀಲಾವತಿ ಮಿಸ್ಸು ಅಳಿಸಿದ ಹಾದಿ

ಗುಂಡ್ಲುಪೇಟೆಯ ನೀಲಾವತಿ ಮಿಸ್ಸು ವಿಷಲ್ ಊದಿದರೆ ಊಟಿಗೆ ಹೊರಟ ಬಸ್ಸು ಬ್ರೇಕ್ ಹಾಕುತ್ತಿತ್ತು, ಬಂಡೀಪುರದ ಆನೆಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತಿದ್ದವು. ಸುಳ್ಳೆನ್ನುವವರು ಆನೆಗಳನ್ನೇ ಕೇಳಿ ನೋಡಬಹುದು. ಆಕೆ ಅಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಟೀಚರ್. ನಾನು ಚಂದಕವಾಡಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನಾವು ನೆಂಟರಲ್ಲ, ಒಂದೇ ಸ್ಕೂಲಿನವರಲ್ಲ. ಆದರೂ ಆಕೆಯ ಹೆಸರು ಬಂದಾಗ ನನ್ನ ಕೈ ತಾನಾಗಿ ಮುಗಿಯುತ್ತದೆ.

ಮಿಸ್ಸು ಹುಟ್ಟಿದ್ದು ಕುದೇರಿನಲ್ಲಿ, ಕೂಲಿ ಮಾಡುತ್ತಿದ್ದ ಮಾದಣ್ಣನವರ ಮನೆಯಲ್ಲಿ. ಮನೆ ತುಂಬ ಮಕ್ಕಳು. ತಾಯಿ ಮಲ್ಲಾಜಮ್ಮ ಸಂತೆಯಿಂದ ತಂದ ಬೆಲ್ಲದ ಅಚ್ಚನ್ನು ಒಡೆಯಲು ಇವರ ಕೈಗೆ ಕೊಟ್ಟು, "ಪಾಲ್ ಮಾಡೋಳು ಕೊನೇಗ್ ತಗಬೇಕು ಕಣಮ್ಮಿ" ಎಂದು ಕಾನೂನು ಮಾಡಿದ್ದರಂತೆ. ಕೊನೆಗೆ ಉಳಿಯುವ ಚೂರು ಚಿಕ್ಕದಾಗಬಾರದಲ್ಲ! ಹುಡುಗಿಯ ಕೈ ಎಷ್ಟು ಪಳಗಿತೆಂದರೆ, ಊರಿನ ಅಂಗಡಿಯವರು ತಕ್ಕಡಿ ಮಾರಿಬಿಟ್ಟು ಇವಳನ್ನೇ ತಂದು ಕೂರಿಸಿಕೊಳ್ಳುವ ಯೋಚನೆಯಲ್ಲಿದ್ದರು.

ಒಮ್ಮೆ ತರಬೇತಿಗೆಂದು ಮೈಸೂರಿಗೆ ಹೋದ ಮಿಸ್ಸು ಓರಿಯಂಟೀರಿಂಗ್ ಎಂಬ ಹೊಸ ಆಟ ಕಲಿತು ಬಂದರು. ನಮ್ಮ ನಾಲಿಗೆಗಳು ಅದನ್ನು ಹೊರಳಿಸಲಾಗದೆ 'ನಕ್ಷೆ ಓಟ' ಎಂದವು. ಕೈಯಲ್ಲೊಂದು ನಕ್ಷೆ, ಒಂದು ದಿಕ್ಸೂಚಿ. ಕುರುಚಲು ಬೆಳೆದ ಬೀಳು ದಿಬ್ಬದಲ್ಲಿ, ಅಂದರೆ ಬಾರೆಯಲ್ಲಿ, ಅಲ್ಲಲ್ಲಿ ನೆಟ್ಟ ಬಾವುಟಗಳನ್ನು ಒಂದಾದ ಮೇಲೊಂದರಂತೆ ಹುಡುಕಿ, ಅಲ್ಲಿ ಕಟ್ಟಿರುವ ಮುದ್ರೆಯನ್ನು ಚೀಟಿಗೆ ಒತ್ತಿಕೊಂಡು ಬರಬೇಕು. ಒಬ್ಬರ ಬೆನ್ನು ಹಿಡಿದು ಇನ್ನೊಬ್ಬರು ಓಡದಂತೆ ಒಬ್ಬೊಬ್ಬರನ್ನೇ ಬಿಡುವು ಕೊಟ್ಟು ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಮೊದಲು.

ಚಾಮರಾಜನಗರ ಹೊಸದಾಗಿ ಜಿಲ್ಲೆಯಾದ ಮರುವರ್ಷ ಗುಂಡ್ಲುಪೇಟೆಯ ಹೊರಗೆ ಮಿಸ್ಸಿನ ಉಸ್ತುವಾರಿಯಲ್ಲೇ ಮೊದಲ ಜಿಲ್ಲಾ ಸ್ಪರ್ಧೆ ನಡೆಯಿತು. ರಾಜ್ಯದ ಸ್ಪರ್ಧೆಗೆ ಇಲ್ಲಿಂದ ಹೋಗುವವಳು ಒಬ್ಬಳೇ. ಮಿಸ್ಸು ತಾವೇ ಪಳಗಿಸಿದ ಕುಮಾರಿಯೇ ಆ ಒಬ್ಬಳು ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನು ಕರೆದುಕೊಂಡು ಹೋಗಿದ್ದ ರೂಪಶ್ರೀ, ನಮ್ಮೂರ ಮರಿಮಲ್ಲಪ್ಪನವರ ಮಗಳು. ಓಡಿದರೆ ಅವಳ ನೆರಳು ಹಿಂದೆ ಉಳಿದು ಏದುಸಿರು ಬಿಡುತ್ತಿತ್ತು.

ಚೀಟಿ ಎತ್ತಿದಾಗ ಕುಮಾರಿ ಮೊದಲ ಸಾಲಿಗೆ ಬಂದಳು, ರೂಪಶ್ರೀ ಕೊನೆಯ ಸಾಲಿಗೆ. ಕುಮಾರಿ ಬಾಣದಂತೆ ಹೋಗಿ ಬಾಣದಂತೆ ಬಂದಳು. ಅವಳ ಸಾಲಿನ ಇನ್ನೆರಡು ಮೂರು ಹುಡುಗಿಯರೂ ಬಂದರು. ಆಮೇಲೆ ಹೊರಟವರು ಎಷ್ಟು ಹೊತ್ತಾದರೂ ಇಲ್ಲ. ಕೊನೆಗೆ ರೂಪಶ್ರೀ ಕಾಲಿನ ತುಂಬ ಮುಳ್ಳು ಗೀರಿಸಿಕೊಂಡು, ಮಿಕ್ಕ ಬಾವುಟಗಳನ್ನೆಲ್ಲ ಮುಗಿಸಿ ಬಂದು, "ಸಾ, ನಾಕನೇ ಬಾವುಟ ಅಲ್ಲಿ ಇಲ್ವೇ ಇಲ್ಲ ಸಾ" ಎಂದು ಗೊಳೋ ಎಂದಳು.

"ಮ್ಯಾಪು ನೋಡಕ್ ಬರ್ದಿದ್ರೆ ಬಾವುಟ ಏನ್ ಮಾಡ್ತದೆ?" ಎಂದು ಆತಿಥೇಯರಾದ ಮಿಸ್ಸಿನ ಸ್ಕೂಲಿನ ಹೆಡ್‌ಮಾಸ್ಟರ್ ಶಿವಸ್ವಾಮಿ ನಕ್ಕರು. ಮಿಸ್ಸು ನಗಲಿಲ್ಲ. ನಕ್ಷೆ ಹಿಡಿದು ತಾವೇ ಬಾರೆಯ ಕಡೆ ನಡೆದರು. ನಾನೂ ಹಿಂದೆ ಹೋದೆ.

ನಾಲ್ಕನೆಯ ಜಾಗದಲ್ಲಿ ಗೂಟ ಕಿತ್ತ ಗುಂಡಿಯೊಂದೇ ಇತ್ತು. ಪಕ್ಕದ ಹುರುಳಿ ಹೊಲದ ಬದುವಿನ ಮೇಲೆ ನಿಂಗಯ್ಯ ಎಂಬ ರೈತ ಎಲೆಯಡಿಕೆ ಅಗಿಯುತ್ತ ಕೂತಿದ್ದರು.

"ಯಜಮಾನ್ರೇ, ಇಲ್ಲೊಂದು ಬಾವುಟ ಇತ್ತಲ್ಲ?"

"ರೋಡ್ ಬಾವುಟವಾ? ನನ್ ವಲದ್ ತಾವು ಎಲ್ಲವ್ವ ಇತ್ತು! ಅಗಾ, ನನ್ ದಾಯಾದಿ ಪುಟ್ಟಮಾದು ವಲ್ದಲ್ಲಿ ಆರಾಡ್ತಾ ಅದೆ. ಸರ್ಕಾರದೋರು ಅಲ್ಲೇ ನೆಟ್ಟವ್ರೆ."

"ಸರ್ಕಾರದೋರು ನೆಟ್ರಾ, ನೀವು ನೆಟ್ರಾ?"

"ಸರ್ಕಾರ ಅಂದ್ರೆ ಜನವೇ ಅಲ್ವಾ ಕಣವ್ವ" ಎಂದು ನಿಂಗಯ್ಯ ಎಲೆಯಡಿಕೆ ಉಗಿದರು.

ಅವರ ತಪ್ಪೂ ಅಲ್ಲ. ಹೊಸ ಜಿಲ್ಲೆ ಬಂದಾಗಿನಿಂದ ಎಲ್ಲಿ ಬಾವುಟ ನೆಟ್ಟರೆ ಅಲ್ಲಿ ಒಂದು ರಸ್ತೆಯೋ ಆಫೀಸೋ ಏಳುತ್ತದೆಂದು ಜನ ಹೆದರಿದ್ದರು. ಮದುವೆಮನೆಯವರು ಬಾಗಿಲಿಗೆ ತೋರಣ ಕಟ್ಟಲೂ ಅಂಜುತ್ತಿದ್ದ ಕಾಲ ಅದು.

"ಇದು ರೋಡಿಗಲ್ಲ, ಹೆಣ್ಣುಮಕ್ಕಳ ಓಟಕ್ಕೆ" ಎಂದರು ಮಿಸ್ಸು.

"ಅಯ್ಯೋ ಶಿವ್ನೆ, ಮೊದ್ಲೇ ಯೋಳ್ಬಾರ್ದಾ! ಮೂರ್ನಾಕು ಎಣ್ಣೈಕ್ಳು ಬಂದು ಚೀಟಿ ಒತ್ಕಂಡು ಓದ್ರು. ಎಣ್ಣೈಕ್ಳನ್ನೂ ಅಳತೆಗೆ ಬುಟ್ಟವ್ರೆ, ಇನ್ ನನ್ ವಲ ಉಳಿಯಕಿಲ್ಲ ಅಂತ ಕಿತ್ತಾಕ್ಬುಟ್ಟೆ ಕಣವ್ವ."

ಅಲ್ಲಿಗೆ ಎಲ್ಲ ತಿಳಿಯಿತು. ಮೊದಲು ಹೋದವರಿಗೆ ಬಾವುಟವಿತ್ತು, ಆಮೇಲೆ ಹೋದವರಿಗೆ ಇರಲಿಲ್ಲ. ಮೊದಲು ಹೋದವರಲ್ಲಿ ಕುಮಾರಿಯೂ ಒಬ್ಬಳು.

ಮೈದಾನಕ್ಕೆ ಬಂದು ಮಿಸ್ಸು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಶಿವಸ್ವಾಮಿಯವರ ನಗು ಇಳಿಯಿತು. "ಆದದ್ದು ಆಯ್ತು ಮಿಸ್. ನಮ್ಮುಡುಗಿ ಮುದ್ರೆ ಒತ್ಕಂಡು ಬಂದವ್ಳೆ. ಬುಟ್ಬುಡಿ."

"ಇಲ್ಲ ಸಾರ್. ಮೂರನೇ ಬಾವುಟದಲ್ಲಿ ಒಬ್ಬರು ಟೀಚರ್, ಐದನೇದರಲ್ಲಿ ಒಬ್ಬರು ಟೀಚರ್ ವಾಚ್ ಇಟ್ಕೊಂಡು ಕೂತಿದ್ರು. ಪ್ರತಿ ಹುಡುಗಿ ಬಂದ ಹೊತ್ತು ಬರ್ಕೊಂಡಿದ್ದಾರೆ. ಮೂರರಿಂದ ಐದರ ತನಕದ ಹಾದಿ ಓಡೇ ಇಲ್ಲ ಅಂತ ತಿಳ್ಕೊಂಡು, ಅಷ್ಟು ಹೊತ್ತನ್ನ ಎಲ್ಲರ ಲೆಕ್ಕದಿಂದಲೂ ಕಳೀಬೇಕು. ಉಳಿದಿದ್ದರಲ್ಲಿ ಯಾರು ಮುಂದೋ ಅವರೇ ಮುಂದು."

"ಹುಡುಕಿ ಹುಡುಕಿ ಸುಸ್ತಾದೋರ ಕಾಲಿನ ನೋವನ್ನೂ ಕಳೀತೀರಾ?" ಎಂದು ಶಿವಸ್ವಾಮಿ ಕೊಂಕು ತೆಗೆದರು.

"ಅದನ್ನ ಕಳಿಯಕ್ಕೆ ನನ್ನ ಹತ್ರ ಲೆಕ್ಕ ಇಲ್ಲ. ಪೂರಾ ನ್ಯಾಯ ದೇವರ ಹತ್ರ ಇರ್ಬೋದು ಸಾರ್, ನನ್ನ ಹತ್ರ ಇರೋದು ಇಷ್ಟೇ."

ಅಷ್ಟರಲ್ಲಿ ಕುಮಾರಿ ಗುಂಪು ಸೀಳಿಕೊಂಡು ಬಂದಳು. ಕಣ್ಣು ಕೆಂಪಗಾಗಿತ್ತು. "ನಾನೇನ್ ಕದ್ನಾ ಮಿಸ್? ಹುಡುಕ್ದೆ, ಸಿಕ್ತು. ನನ್ ಓಟ ಯಾಕ್ ಅಳಿಸ್ತೀರಾ?"

"ನೀನು ಇದ್ದದ್ದನ್ನ ಹುಡುಕ್ದೆ ಕಣಮ್ಮಿ. ಅವಳು ಇಲ್ಲದ್ದನ್ನ ಹುಡುಕಿದ್ಳು. ಎರಡನ್ನೂ ಹೆಂಗಮ್ಮಿ ಒಂದೇ ಲೆಕ್ಕಕ್ಕೆ ಹಿಡೀಲಿ?"

ಕುಮಾರಿ ಮುಖ ತಿರುಗಿಸಿದಳು. ಮಿಸ್ಸು ಚಾಕ್‌ಪೀಸು ಅವಳ ಮುಂದೆ ಹಿಡಿದರು. "ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ನೀನೇ ಕಳಿ."

ಮರಕ್ಕೆ ಒರಗಿಸಿದ್ದ ಕಪ್ಪು ಹಲಗೆಯ ಮುಂದೆ ಹುಡುಗಿ ನಿಂತಳು. ತನ್ನ ಲೆಕ್ಕವನ್ನು ಸರ್ರನೆ ಕಳೆದಳು. ಬೇರೆಯವರದ್ದನ್ನೂ ಕಳೆದಳು, ಎಲ್ಲರೂ ಅವಳಿಗಿಂತ ಕೆಳಗೆ. ಉಳಿದದ್ದು ರೂಪಶ್ರೀಯದು. ಅದನ್ನು ಕಳೆದಳು, ಒರೆಸಿದಳು, ಮತ್ತೆ ಕಳೆದಳು. ಆಗ ಮೈದಾನ ಎಷ್ಟು ಮೌನವಾಯಿತೆಂದರೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಇಳಿಯುವ ಸದ್ದು ನನಗೆ ಕೇಳಿಸಿತು. ಎರಡನೆಯ ಸಲವೂ ಅದೇ ಉತ್ತರ. ಕುಮಾರಿ ತುಟಿ ಕಚ್ಚಿಕೊಂಡು, ಹಲಗೆಯ ತುದಿಯಲ್ಲಿ, ತನ್ನ ಹೆಸರಿನ ಮೇಲೆ, ದುಂಡಗೆ ರೂಪಶ್ರೀ ಎಂದು ಬರೆದಳು.

"ಒಂದ್ ನಿಮಿಷಕ್ಕೂ ಕಮ್ಮಿ ಅಂತರ ಮಿಸ್" ಎಂದಳು, ಚಾಕ್‌ಪೀಸು ವಾಪಸು ಕೊಡುತ್ತ.

"ಹೂಂ ಕಣಮ್ಮಿ. ಲೆಕ್ಕ ಸರಿಯಾಗೇ ಅದೆ" ಎಂದರು ಮಿಸ್ಸು.

ಕುಮಾರಿ ರೂಪಶ್ರೀಯ ಕಡೆ ತಿರುಗಿದಳು. "ಮುಂದಿನ್ ವರ್ಸ ಬುಡಕಿಲ್ಲ ನಿನ್ನ."

"ಬಾರಮ್ಮಿ, ನೋಡ್ಕಳನ" ಎಂದಳು ನಮ್ಮ ಹುಡುಗಿ, ಮುಳ್ಳು ಕೀಳುತ್ತ.

ಶಿವಸ್ವಾಮಿ ಹಲಗೆಯನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಲು ಜಾಗ ಹುಡುಕಿದರು.

ರೂಪಶ್ರೀ ರಾಜ್ಯದ ಸ್ಪರ್ಧೆಗೆ ಹೋಗಿ ನಡುವಿನಲ್ಲೆಲ್ಲೋ ಒಂದು ಸ್ಥಾನ ಪಡೆದು ಬಂದಳು. ಚಂದಕವಾಡಿಯಲ್ಲಿ ಅವಳನ್ನು ಪ್ರಪಂಚ ಗೆದ್ದವಳಂತೆ ಮೆರೆಸಿದೆವು. ಪ್ರಪಂಚದ ಮಿಕ್ಕವರಿಗೆ ಸುದ್ದಿ ತಲುಪಲಿಲ್ಲ, ಅಷ್ಟೆ.

ಆವತ್ತು ಪರವೂರಿನ ಹುಡುಗಿಯ ಪರ ಮಾತಾಡುವವನು ನಾನೊಬ್ಬನೇ ಎಂದುಕೊಂಡು, ಹೊಟ್ಟೆಯಲ್ಲಿ ಒಂದು ಭಾರಿ ಜಗಳವನ್ನೇ ಕಟ್ಟಿ ಇಟ್ಟುಕೊಂಡಿದ್ದೆ. ಅದನ್ನು ಬಿಚ್ಚುವ ಅವಕಾಶವನ್ನೇ ಆಯಮ್ಮ ಕೊಡಲಿಲ್ಲ. ಹಾಗೇ ವಾಪಸು ತಂದೆ. ಅಂಥ ಸುಖದ ಬಸ್ ಪ್ರಯಾಣವನ್ನು ನಾನು ಆಮೇಲೆ ಮಾಡಿಲ್ಲ.