ಮೈಕಿನ ಮುಂದೆ ಡಬಡಬ
ನಮ್ಮ ಬೀದಿಯವರಿಗೆಲ್ಲ ಅವನು ಡಬಡಬ, ತನ್ನ ಅಣ್ಣ ಹಾಡುತ್ತಿದ್ದ ರಾಕ್ ಬ್ಯಾಂಡಿನಲ್ಲಿ ಹಿಂದೆ ಕೂತು ಡ್ರಮ್ ಬಾರಿಸುವವನು. ಬ್ಯಾಂಡಿನ ಯಾವ ಫೋಟೋದಲ್ಲೂ ಅವನ ಮುಖ ಕಾಣುವುದಿಲ್ಲ. ಡ್ರಮ್ಮಿನ ಹಿತ್ತಾಳೆ ತಟ್ಟೆಗಳ ಹಿಂದೆ ಒಂದು ಗುಡ್ಡೆ ಕೂದಲು, ಅಷ್ಟೇ. ಮನೆಯಲ್ಲಿ ಅವನ ಬೆರಳಿನಿಂದ ತಪ್ಪಿಸಿಕೊಂಡ ವಸ್ತುವಿಲ್ಲ: ಊಟದ ಮೇಜು, ಬಾಗಿಲು, ಬಕೆಟ್ಟು, ಕಾಲು ಒತ್ತಲು ಕೂತರೆ ಅಮ್ಮನ ಮೊಣಕಾಲು ಕೂಡ. "ಒತ್ತೋ ಅಂದ್ರೆ ಬಾರಿಸ್ತೀಯಲ್ಲೋ," ಎಂದು ಗೊಣಗುತ್ತಲೇ ಅಮ್ಮ ನಿದ್ದೆಗೆ ಜಾರುತ್ತಾರೆ. ಬಟ್ಟೆ ಒಗೆಯುವ ಮೆಷಿನ್ನು ತಿರುಗತೊಡಗಿದರೆ ಅದರೆದುರು ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ, ಬೇರೆ ಯಾವುದೋ ಲೋಕದಲ್ಲಿದ್ದವನಂತೆ ಗುನುಗುತ್ತಾನೆ. ಬಟ್ಟೆ ಒಣಗುವ ಹೊತ್ತಿಗೆ ಒಂದು ಹಾಡು ಆಗಿರುತ್ತದೆ. ಬ್ಯಾಂಡಿನ ಹಾಡುಗಳೆಲ್ಲ ಹೀಗೆ ಹುಟ್ಟಿದವು ಎಂಬುದು ಅಣ್ಣನಿಗೆ ಮಾತ್ರ ಗೊತ್ತಿತ್ತು. ಈ ವರ್ಷ ಗಂಟಲಿನ ಆಪರೇಷನ್ ಆಗಿ ಅಣ್ಣನ ದನಿ ಪಿಸುಮಾತಿಗೆ ಇಳಿಯಿತು. "ಇನ್ಮೇಲೆ ನಿನ್ನ ಹಾಡು ನೀನೇ ಹಾಡೋ," ಎಂದ ಅಣ್ಣ. "ಹಿಂದೆ ಯಾರೂ ಇಲ್ದೆ ಒಬ್ನೇ ಹೇಗೆ ನಿಲ್ಲೋದಣ್ಣ?" "ನಾನಿರ್ತೀನಿ." ಹಾಗೆ ಡಬಡಬ ತನ್ನವೇ ಹಾಡುಗಳೊಂದಿಗೆ ಒಂದು ಸಂಜೆ ಮೈಕಿನ ಮುಂದೆ ಬಂದು ನಿಂತ, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅವನ ಹಿಂದೆ, ಡ್ರಮ್ ಬಾರಿಸಲು ಅಣ್ಣ ಕೂತಿದ್ದ. ಅಣ್ಣನಿಗೆ ಬಾರಿಸುವುದು ಬರುವುದಿಲ್ಲ. ಎರಡನೇ ಸಾಲಿಗೇ ತಾಳ ತಪ್ಪಿತು. ಡಬಡಬ ತಿರುಗಿ ನೋಡಲಿಲ್ಲ. ಸಾಲನ್ನು ಮೆಲ್ಲಗೆ ಎಳೆದು, ಅಣ್ಣನ ಪೆಟ್ಟು ಎಲ್ಲಿ ಬಿತ್ತೋ ಅಲ್ಲಿಗೇ ತಂದು ಇಳಿಸಿದ. ಹಾಡಿನುದ್ದಕ್ಕೂ ಹಾಗೆಯೇ ಮಾಡಿದ. ಕೇಳಲು ಬಂದವರಿಗೆ ಆ ಹಾಡು ಹುಟ್ಟಿದ್ದೇ ಹಾಗೆ ಅನ್ನಿಸಿತು.