ಕೊಂಡಿ ಹಾಕುವಾಕೆಯ ಮಗಳು

ಕೊಂಡಿ ಎಂದರೆ ಚೇಳಿಗೆ ಇರುವಂಥದ್ದು ಎಂದೇ ನಾನು ಐವತ್ತು ವರ್ಷ ತಿಳಿದುಕೊಂಡಿದ್ದೆ. ಹೀಗಾಗಿ, ನಾನು ವಾರವಾರ ಹಾಸ್ಯ ಬರೆಯುವ ಪತ್ರಿಕೆಯ ಶುಕ್ರವಾರದ ಪುರವಣಿಯಲ್ಲಿ ‘ಕೊಂಡಿ’ ಎಂಬ ಹೊಸ ಅಂಕಣ ಬರಲಿದೆ, ಬರೆಯುವವರು ಶಿವಗಂಗಾ, ಎಂಬ ಪ್ರಕಟಣೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಕೊಂಡಿ ಎಂದ ಮೇಲೆ ಕುಟುಕುವ ಬರಹ. ಕುಟುಕುವುದೆಂದರೆ ಹಾಸ್ಯ. ಅಂದರೆ ಒಂದೇ ಪುಟದಲ್ಲಿ ಇಬ್ಬರು ಹಾಸ್ಯಗಾರರು. ಜಮಖಂಡಿಗೆ ಒಬ್ಬನೇ ಹೆಚ್ಚಾದ ಎನ್ನುವುದು ನನ್ನ ಹೆಂಡತಿಯ ಹಳೆಯ ಅಭಿಪ್ರಾಯ.

ಮರುದಿನವೇ ಸಂಪಾದಕ ನೀಲಕಂಠನ ಮುಂದೆ ಹೋಗಿ ಕುಳಿತೆ.

“ಏನಪಾ ನೀಲಕಂಠ, ಚೇಳು ಸಾಕಾಕತ್ತಿಯಂತ?”

“ಚೇಳು? ಎಲ್ಲಿ ಚೇಳ್ರಿ ಮಾಸ್ತರ್ರ?” ಅವನು ಕುರ್ಚಿಯ ಮೇಲೆ ಕಾಲೆತ್ತಿಕೊಂಡ.

ವಿಷಯ ಬಿಡಿಸಿ ಹೇಳಿದಾಗ ಅವನು ನಕ್ಕ ರೀತಿಗೆ ಪಕ್ಕದ ಕೋಣೆಯಿಂದ ಇಬ್ಬರು ಬಂದು ಏನಾಯಿತೆಂದು ನೋಡಿಹೋದರು. “ಮಾಸ್ತರ್ರ, ಅದು ಸೀರಿ ಕೊಂಡಿರಿ! ಹೆಣಮಕ್ಕಳ ಫ್ಯಾಷನ್ ಬಗ್ಗೆ. ಬನಹಟ್ಟಿ ಹೆಣಮಗಳು ಬರಿಯಾಕಿ. ಸೆರಗಿಗೆ ಕೊಂಡಿ ಹಾಕ್ತಾರಲ್ಲ, ಆ ಕೊಂಡಿ.”

ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಗ್ಗದ ಊರಿಗೆ ಬಸ್ಸಿನಲ್ಲಿ ಅರ್ಧ ತಾಸಿನ ದೂರದಲ್ಲಿದ್ದು, ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಒಂದು ಶಬ್ದಕ್ಕೆ ಒಂದೇ ಅರ್ಥ ಹಿಡಿದುಕೊಂಡು ಕುಳಿತಿದ್ದೆ. ಆಮೇಲೆ ತಿಳಿದುಕೊಂಡೆ. ನಮ್ಮ ಕಡೆಯ ಹಳೆಯ ನಮೂನೆಯ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆ ಹತ್ತಿಯದು, ಸೆರಗಿನ ಎಳೆ ಕೆಂಪು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಆ ಕೂಡಿಕೆಯೇ ಕೊಂಡಿ. ಉಟ್ಟವಳಿಗೆ ಅದು ಅಲ್ಲಿದೆಯೆಂದು ಗೊತ್ತೇ ಆಗಬಾರದು. ಗೊತ್ತಾಯಿತೆಂದರೆ ಕೊಂಡಿ ಹಾಕಿದವಳ ಹೆಸರು ಕೆಟ್ಟಿತು.

ಅಂಕಣಗಾರ್ತಿಯನ್ನು ನೋಡಬೇಕೆಂಬ ಕುತೂಹಲವಾಯಿತು. ಫ್ಯಾಷನ್ ಬರೆಯುವವಳೆಂದರೆ ಕರಿ ಕನ್ನಡಕ, ಬಣ್ಣದ ಕೂದಲು ಇರಬಹುದೆಂದುಕೊಂಡು, ಅವಳು ಕೆಲಸಕ್ಕಿದ್ದ ಜಮಖಂಡಿ ಬಜಾರಿನ ಸೀರೆ ಅಂಗಡಿಗೆ ಗಿರಾಕಿಯ ವೇಷದಲ್ಲಿ ಹೋದೆ. ಗಾದಿಯ ಮೇಲೆ ನಲವತ್ತು ದಾಟಿದ, ಸಣಕಲು ಮೈಯ, ಬೂದಿ ಬಣ್ಣದ ನೂಲಿನ ಸೀರೆಯ ಹೆಂಗಸೊಬ್ಬಳು ಸೀರೆ ಮಡಚುತ್ತ ಕುಳಿತಿದ್ದಳು.

“ಯಾರಿಗ್ರಿ ಸೀರಿ?”

“ಮನಿಯವ್ರಿಗೆ. ಗೊತ್ತಿಲ್ದಂಗ ಒಯ್ದು ಕೊಡಬೇಕಂತ.”

“ಹಂಗಾರ ಬ್ಯಾಡ ಬಿಡ್ರಿ. ಗಂಡಸೂರು ಗೊತ್ತಿಲ್ದಂಗ ತಂದ ಸೀರಿ ಎಲ್ಲಾರ ಮನ್ಯಾಗೂ ಟ್ರಂಕಿನ ತಳದಾಗ ಅದಾವ.”

ನನ್ನ ಹೆಂಡತಿಯ ಟ್ರಂಕು ಇವಳಿಗೆ ಹೇಗೆ ಗೊತ್ತಾಯಿತೆಂದು ಬೆರಗಾದೆ. ಹೀಗೆ ಬಂದ ಗಿರಾಕಿಗೆ ನಿಜ ಹೇಳಿ ಹೇಳಿಯೇ ಅವಳು ಹೆಸರಾಗಿದ್ದಳು. “ಈ ಬಣ್ಣ ನಿಮಗ ಒಪ್ಪೂದಿಲ್ಲ” ಎಂದು ಅವಳು ಅಂದರೆ ಮುಧೋಳದ ವಕೀಲರ ಹೆಂಡತಿಯೂ ಮರುಮಾತಾಡುತ್ತಿರಲಿಲ್ಲ. ಅಂಗಡಿಯ ಮಾಲೀಕರು ಮೊದಮೊದಲು ಹಣೆ ಚಚ್ಚಿಕೊಂಡರಂತೆ. ಆಮೇಲೆ ಮಂದಿ ಅವಳ ಬೈಗುಳ ಕೇಳಲಿಕ್ಕೇ ಬರುತ್ತಾರೆಂದು ಗೊತ್ತಾಗಿ ಸುಮ್ಮನಾದರು. ನೀಲಕಂಠ ಅವಳನ್ನು ಹಿಡಿದದ್ದು ಅಲ್ಲಿಯೇ. ಅವಳ ಪೂರ್ತಿ ಹೆಸರು ಶಿವಗಂಗವ್ವ. “ಲಕ್ಷುರಿ ಫ್ಯಾಷನ್‌ಗೆ ಅವ್ವ ಹೊಂದೂದಿಲ್ರಿ” ಎಂದು ನೀಲಕಂಠ ಪತ್ರಿಕೆಯಲ್ಲಿ ಅವ್ವನನ್ನು ಕತ್ತರಿಸಿದ್ದ.

ಅಂಕಣ ನಡೆಯಿತು. ಎಷ್ಟು ನಡೆಯಿತೆಂದರೆ, ಪುರವಣಿ ಬಿಚ್ಚಿದವರು ನನ್ನನ್ನು ದಾಟಿಕೊಂಡು ಅವಳ ಕಡೆಗೆ ಹೋಗುವುದನ್ನು ನಾನು ನಮ್ಮ ಸ್ಟಾಫ್ ರೂಮಿನಲ್ಲೇ ಕಣ್ಣಾರೆ ಕಂಡೆ. ಪ್ಯಾರಿಸ್, ಮಿಲಾನುಗಳಲ್ಲಿ ಈ ಸಲ ಯಾವ ಬಣ್ಣ, ಎಷ್ಟು ಅಗಲದ ಭುಜ, ಎಂಥ ಚೀಲ ಎಂಬುದನ್ನೆಲ್ಲ ಅವಳು ಫೋನಿನಲ್ಲಿ ನೋಡಿ, ಬೀಳಗಿಯ ಹೆಂಗಸರಿಗೆ ತಿಳಿಯುವಂತೆ ಬರೆಯುತ್ತಿದ್ದಳು. ಲಕ್ಷಗಟ್ಟಲೆ ಬೆಲೆಯ ಕೈಚೀಲದ ಬಗ್ಗೆ ಬರೆದು, ಕೊನೆಗೆ, “ಇದರಲ್ಲಿ ಎರಡು ಸೇರು ಜೋಳ ಹಿಡಿಯುವುದಿಲ್ಲ. ನಮ್ಮ ಅವ್ವಂದಿರ ಉಡಿಯಲ್ಲಿ ಹಿಡಿಯುತ್ತಿತ್ತು” ಎಂದಿದ್ದಳು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಹತ್ತಿರದ ಓದುಗಿಯೊಬ್ಬಳು, ಕಬ್ಬು ಅರೆಯುವ ದಿನಗಳಲ್ಲಿ ಚಿಮಣಿಯ ಬೂದಿ ಬಿದ್ದು ತಿಳಿ ಬಣ್ಣದ ಬಟ್ಟೆಯೆಲ್ಲ ಹಾಳಾಗುತ್ತದೆ, ಏನು ಮಾಡಲಿ ಎಂದು ಪತ್ರ ಬರೆದಿದ್ದಳು. ಉತ್ತರ: “ಬೂದಿ ಬಣ್ಣವನ್ನೇ ಉಡಿರಿ. ಈ ವರ್ಷ ಪ್ಯಾರಿಸಿನಲ್ಲೂ ಅದೇ.”

ಸ್ನೇಹವಾದ ಮೇಲೆ ಒಂದು ಭಾನುವಾರ ಬನಹಟ್ಟಿಯ ಅವಳ ಮನೆಗೆ ಹೋದೆ. ಓಣಿಯ ತುಂಬ ಪವರ್‌ಲೂಮಿನ ಸದ್ದು. ಎರಡು ಕೋಣೆಯ ಮನೆಯ ಕಿಟಕಿಯ ಬೆಳಕಿಗೆ ಅವಳ ತಾಯಿ ರುಕ್ಮವ್ವ, ಎಳೆಗಳನ್ನು ಮುಂದೆ ಹರಡಿಕೊಂಡು ಕುಳಿತಿದ್ದಳು. ಗಂಡ ಕೈಮಗ್ಗದ ನೇಕಾರ. ಅವನು ತೀರಿಕೊಂಡಾಗ ರುಕ್ಮವ್ವನಿಗೆ ಇಪ್ಪತ್ತಾರು, ಮಗಳಿಗೆ ನಾಲ್ಕು. ಅಂದಿನಿಂದ ಓಣಿಯ ಮಗ್ಗಗಳಿಗೆಲ್ಲ ಕೊಂಡಿ ಹಾಕುತ್ತ ಬಂದಿದ್ದಳು. ಅದರ ಮೇಲೆಯೇ ಮಗಳನ್ನು ಜಮಖಂಡಿಯ ಕಾಲೇಜಿನ ಬಸ್ಸು ಹತ್ತಿಸಿದ್ದಳು. ಶಿವಗಂಗವ್ವನಿಗೆ ಎರಡು ಸಲ ಮದುವೆಯ ಮಾತು ಬಂದು ಹೋಗಿತ್ತು. “ನನ್ನ ಕೂಡ ಅವ್ವನೂ ಬರ್ತಾಳ ಅಂದೆ. ಫ್ರೀ ಅಂದ್ರೂ ಬ್ಯಾಡ ಅಂದ ಗಿರಾಕಿ ಅವ್ರೊಬ್ರ ನೋಡ್ರಿ” ಎಂದು ಅವಳು ಚಹಾ ಸೋಸುತ್ತ ಹೇಳಿದಳು.

ತಾಯಿಗೆ ರಂಜನೆಯೆಂದರೆ ಮಗಳ ಫೋನಿನಲ್ಲಿ ಫ್ಯಾಷನ್ ಶೋ ನೋಡುವುದು.

“ಯಪ್ಪಾ, ಇಲ್ಲಿ ನೋಡು,” ಎಂದು ನನಗೂ ತೋರಿಸಿದಳು. “ಥೇಟ ಮುಧೋಳದ ನಾಯಿ ನಡದಂಗ ನಡೀತಾವ. ಸಣ್ಣ ನಡಾ, ಉದ್ದನ್ನ ಕಾಲು, ಯಾರನ್ನೂ ನೋಡಾಂಗಿಲ್ಲ. ಊಟಕ್ಕ ಹಾಕ್ತಾರೋ ಇಲ್ಲೋ ಇವಕ್ಕ?”

“ಬೇ, ಅದು ಅವ್ರ ಕೆಲಸ ಬೇ.”

“ಮಾರಿ ಸಿಟ್ಟ ಮಾಡೂದು ಕೆಲಸೇನ? ಹಂಗಾರ ನಿಮ್ಮ ಕಾಕಾಗೂ ಪಗಾರ ಕೊಡಸು.”

ಆ ಕಾಕಾ ಚನಮಲ್ಲಪ್ಪ, ರುಕ್ಮವ್ವನ ಮೈದುನ, ಹಿರಿಯ ಮನುಷ್ಯ. ಗಂಡ ಸತ್ತವಳು ಕೆಂಪು ಸೆರಗು ಹೊದೆಯಬಾರದೆಂದು ನಲವತ್ತು ವರ್ಷದ ಹಿಂದೆ ಆ ಮನೆಯಲ್ಲಿ ಹೇಳಿದವನು ಅವನೇ. ಅಂದಿನಿಂದ ರುಕ್ಮವ್ವ ಬಿಳಿ ಇಲ್ಲವೆ ಮಾಸಲು ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ.

“ಸಾವಿರ ಮಂದಿ ಹೆಗಲಿಗೆ ಕೆಂಪು ಹಾಕ್ಯಾಳ್ರಿ ನಮ್ಮವ್ವ,” ಎಂದಳು ಶಿವಗಂಗವ್ವ. “ತನ್ನ ಹೆಗಲಿಗೆ ಒಂದಿಲ್ಲ.”

ಹೋದ ವರ್ಷ ಬೇಸಿಗೆಯಲ್ಲಿ ಆ ಓಣಿಯ ಕಡೆಯ ಕೈಮಗ್ಗವನ್ನು ಬಿಚ್ಚಿದರು. ಪವರ್‌ಲೂಮಿನ ಸೀರೆಗೆ ಕೊಂಡಿ ಬೇಕಿಲ್ಲ. ಬಿಚ್ಚುವ ಮುಂಚೆ ಅದರ ಮೇಲೆ ಇಳಿದ ಕೊನೆಯ ಸೀರೆಯನ್ನು ಶಿವಗಂಗವ್ವ ಮನೆಗೆ ತಂದಳು. ಕಡುನೀಲಿ ಒಡಲು, ಕೆಂಪು ರೇಷ್ಮೆಯ ಸೆರಗು, ನಡುವೆ ತಾಯಿಯ ಕೈಯ ಕೊಂಡಿ. ಲೋಕಕ್ಕೆಲ್ಲ ಏನು ಉಡಬೇಕೆಂದು ಹೇಳುವ ಮಗಳು ಅವ್ವನ ಮುಂದೆ ಅದನ್ನಿಟ್ಟು, ಒಂದು ಸಲವಾದರೂ ಉಡು ಎಂದು ಹಟ ಹಿಡಿದಳು. ಎಂಟು ದಿನ ಹಟ ನಡೆಯಿತು. ಕೊನೆಗೆ ರುಕ್ಮವ್ವ ಸೋತು ಒಂದು ಕರಾರು ಹಾಕಿದಳು. ಮಗಳ ಅಂಕಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವ ಮಾತು ಆಗ ನಡೆದಿತ್ತು.

“ನಿನ್ನ ಬುಕ್ಕ ಬರ್ಲಿ, ಆವತ್ತ ಉಡ್ತೇನಿ. ಮಂದಿ ಎಲ್ಲಾ ನಿನ್ನ ನೋಡಾಕತ್ತಿರ್ತಾರ. ನನ್ನ ಯಾರೂ ನೋಡಾಂಗಿಲ್ಲ.”

ಸೀರೆಯನ್ನು ಮಡಚಿ, ಅಂಚಿಗೆ ನುಸಿ ಗುಳಿಗೆಯಿಟ್ಟು, ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟರು. ಪುಸ್ತಕವಂತೂ ತಯಾರಿತ್ತು. ಇನ್ನು ಬೇಕಾದದ್ದು ಒಂದು ಮುನ್ನುಡಿ.

ಮುನ್ನುಡಿ ನಾನು ಬರೆಯುತ್ತೇನೆಂದೆ. ಅವಳು ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. “ಒಂದ ಪುಟ ಸಾಕ್ರಿ ಮಾಸ್ತರ್ರ” ಎಂದಳು. ಒಂದು ಪುಟವನ್ನು ಯಾರು ಬೇಕಾದರೂ ಬರೆದಾರು. ನಾನು ಶ್ರಾವಣದಲ್ಲಿ ಹತ್ತಿಯ ಇತಿಹಾಸದಿಂದ ಆರಂಭಿಸಿದೆ. ಪ್ರಪಂಚದ ಮೊದಲ ಸೂಜಿಗೆ ಬರುವಷ್ಟರಲ್ಲಿ ಗಣಪತಿ ಹಬ್ಬ ಮುಗಿಯಿತು. ‘ಉಡುವವಳ ಸ್ವಾತಂತ್ರ್ಯ’ ಎಂಬ ಭಾಗಕ್ಕೇ ಮೂರು ಪುಟ ಹಿಡಿಯಿತು. ದಸರೆಗೆ ಬಿಡುಗಡೆ ಎಂದಿದ್ದು ದೀಪಾವಳಿಗೆ ಹೋಯಿತು.

“ಆತೇನ್ರಿ ಮಾಸ್ತರ್ರ?”

“ಕಡೀ ಪ್ಯಾರಾ ನಡದೈತ್ರಿ ಅಕ್ಕಾರ.”

ದೀಪಾವಳಿಗೆ ಮತ್ತೆ ಫೋನ್ ಬಂತು. “ಅವ್ವಗ ಆರಾಮಿಲ್ರಿ. ದಿನಾ ಕೇಳ್ತಾಳ, ಬುಕ್ಕ ಯಾವಾಗಂತ. ಒಂದ ಪುಟ ಆಗಿದ್ರ ಸಾಕಾಗಿತ್ತು.”

ನನಗೆ ಸ್ವಲ್ಪ ಸಿಟ್ಟೇ ಬಂತು. ಸಾಹಿತ್ಯವೆಂದರೆ ಬೆಲ್ಲದ ಗಾಣವೇ, ಎತ್ತು ಹೂಡಿದರೆ ಸಂಜೆಗೆ ಪಾಕ ಇಳಿಯುವುದಕ್ಕೆ? ದೀಪಾವಳಿಯಾಗಿ ತಿಂಗಳಿಗೆ, ಛಟ್ಟಿ ಅಮಾಸಿಯ ಹೊತ್ತಿಗೆ, ಒಂದು ಸೋಮವಾರ ಹತ್ತೊಂಬತ್ತನೆಯ ಪುಟ ಮುಗಿಸಿದೆ. ಆವತ್ತೇ ಕಳಿಸಬಹುದಿತ್ತು. ಎರಡು ದಿನ ಕುಳಿತು ದುಂಡಗೆ ಶುದ್ಧಪ್ರತಿ ತೆಗೆದೆ. ಬುಧವಾರ, ಕೈಯಾರೆ ಒಪ್ಪಿಸಬೇಕೆಂದು, ಸಾಲೆಗೆ ರಜೆ ಹಾಕಿ ಬನಹಟ್ಟಿಯ ಬಸ್ಸು ಹತ್ತಿದೆ.

ಅವಳ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಮುನ್ನುಡಿಯ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ಒಂದು ಗಳಿಗೆ ಅನ್ನಿಸಿತು ಎಂದರೆ ನನ್ನ ತಲೆ ಆಗ ಹೇಗಿತ್ತೆಂದು ನೀವೇ ತಿಳಿದುಕೊಳ್ಳಬೇಕು. ರುಕ್ಮವ್ವ ಬೆಳಗಿನ ಜಾವ ತೀರಿಕೊಂಡಿದ್ದಳು.

ಒಳಗೆ ಹೆಂಗಸರು ಮೈ ತೊಳೆಯಲು ನೀರು ಕಾಯಿಸುತ್ತಿದ್ದರು. ಪಡಸಾಲೆಯಲ್ಲಿ ಚನಮಲ್ಲಪ್ಪ ಹೊಸ ಬಿಳಿ ಬಟ್ಟೆ ತಂದಿಟ್ಟಿದ್ದ. ಶಿವಗಂಗವ್ವ ಕಪಾಟಿನ ಮೇಲಿನಿಂದ ಆ ಸೀರೆ ಇಳಿಸಿಕೊಂಡು ಹೊರಗೆ ಬಂದಳು. ಅತ್ತಿದ್ದಳೋ ಇಲ್ಲವೋ, ಮುಖ ನೋಡಿ ತಿಳಿಯುವಂತಿರಲಿಲ್ಲ.

“ಕಾಕಾ, ಅವ್ವಗ ಇದನ್ನ ಉಡಸ್ತೇನಿ.”

“ಏ, ಹುಚ್ಚ ಹಿಡದೈತೇನ? ಗಂಡ ಸತ್ತಾಕಿಗೆ ಕೆಂಪು ಸೆರಗ? ಊರ ಮಂದಿ ಏನಂದಾರು?”

“ಉಡ್ತೇನಿ ಅಂತ ಅವ್ವನ ಹೇಳಿದ್ಲು ಕಾಕಾ.”

“ಹೇಳಿದ್ರ ಹೇಳ್ಲಿ. ನಿನ್ನ ಫ್ಯಾಷನ್ ಪೇಪರಿನ್ಯಾಗ ಇಟ್ಗೋ ತಂಗಿ. ಮಣ್ಣಿನ್ಯಾಗ ತರಬ್ಯಾಡ.”

ಅವಳು ಸುತ್ತಲೂ ಒಮ್ಮೆ ನೋಡಿದಳು. ಆ ನೋಟ ನನ್ನ ಮೇಲೂ ಬಂದು ನಿಂತಿತು. ‘ಉಡುವವಳ ಸ್ವಾತಂತ್ರ್ಯ’ ಚೀಲದಲ್ಲಿ ಬೆಚ್ಚಗೆ ಕುಳಿತಿತ್ತು. ನಾನು ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಆವತ್ತು ಯಾವ ತಿಥಿ ಎಂದು ನೋಡತೊಡಗಿದೆ.

ಅವಳು ಸೀರೆಯನ್ನು ಎದೆಗೆ ಹಿಡಿದುಕೊಂಡು, ಚನಮಲ್ಲಪ್ಪನ ಕೈಯಿಂದ ಬಿಳಿ ಬಟ್ಟೆಯನ್ನೂ ಇಸಿದುಕೊಂಡು ಒಳಗೆ ಹೋದಳು. “ಕತ್ತರಿ ಎಲ್ಲೈತಿ?” ಎಂದು ಅವಳು ಯಾರನ್ನೋ ಕೇಳಿದ್ದು ಕೇಳಿಸಿತು. ಬಿಳಿ ಬಟ್ಟೆ ಹರಿಯಲಿಕ್ಕೆ ಇರಬೇಕೆಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ರುಕ್ಮವ್ವನನ್ನು ಹೊರಗೆ ತಂದು ಗೋಡೆಗೊರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ತಲೆಯಿಂದ ಪಾದದವರೆಗೆ ಅಚ್ಚ ಬಿಳಿ. ಎಳೆ ಹಿಡಿದು ಹಿಡಿದು ತುದಿ ನುಣುಪಾಗಿದ್ದ ಬೆರಳುಗಳನ್ನು ಮಾತ್ರ ಮುಚ್ಚಿರಲಿಲ್ಲ. ಚನಮಲ್ಲಪ್ಪ ಸಮಾಧಾನದಿಂದ ತಲೆಯಾಡಿಸಿದ. ಜಗಳವಾಗಲಿಲ್ಲವಲ್ಲ ಎಂದು ನನಗೂ ಸಮಾಧಾನವಾಯಿತು. ಮುನ್ನುಡಿಯನ್ನು ಆವತ್ತು ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ನೀಲಕಂಠನ ಕೈಯಲ್ಲಿ ಕೊಟ್ಟು ಬಂದೆ.

ಸಂಕ್ರಾಂತಿ ಕಳೆದು ಒಂದು ಭಾನುವಾರ ಜಮಖಂಡಿಯ ಒಂದು ಸಭಾಂಗಣದಲ್ಲಿ ಪುಸ್ತಕದ ಬಿಡುಗಡೆಯಾಯಿತು. ಮುಧೋಳ, ಬೀಳಗಿ, ರಬಕವಿಗಳಿಂದ ಹೆಂಗಸರು ಬಂದು ಜಾಗ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಕುಳಿತಿದ್ದರು. ಪುಸ್ತಕದ ಹೊದಿಕೆಯ ಮೇಲೆ ‘ಕೊಂಡಿ’ ಎಂದೂ, ಕೆಳಗೆ ‘ಶಿವಗಂಗವ್ವ’ ಎಂದೂ ಇತ್ತು. ಅವ್ವನನ್ನು ಬಿಡಕೂಡದೆಂದು ಅವಳೇ ಪ್ರೆಸ್ಸಿನಲ್ಲಿ ನಿಂತು ಹಾಕಿಸಿದಳಂತೆ. ಒಳಗೆ ನನ್ನ ಮುನ್ನುಡಿ ತೆಗೆದು ನೋಡಿದೆ. ಹತ್ತೊಂಬತ್ತು ಪುಟಗಳಲ್ಲಿ ಒಂದು ಪುಟ ಉಳಿಸಿಕೊಂಡಿದ್ದಳು. ಎರಡು ಸಲ ಓದಿದೆ. ಏನೂ ಕಡಿಮೆಯಾಗಿರಲಿಲ್ಲ. ಆ ಒಂದು ಪುಟ ಶ್ರಾವಣದ ಮೊದಲ ವಾರದಲ್ಲೇ ಬರೆದದ್ದಾಗಿತ್ತು.

ಅವಳು ವೇದಿಕೆಗೆ ಬಂದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಉಟ್ಟದ್ದು ಆ ಕಡುನೀಲಿ ಸೀರೆ. ಆದರೆ ಹೆಗಲ ಮೇಲೆ ಹಾಯ್ದು ಬಂದ ಸೀರೆ ಬೆನ್ನಿನ ಮೇಲೆ ಗೇಣು ಇಳಿಯುವ ಮುಂಚೆಯೇ ಮುಗಿದುಹೋಗಿತ್ತು. ಕೊನೆಯಲ್ಲಿ ಒಂದು ಬೆರಳಿನಗಲದ ಕೆಂಪು. ಅಂಚು ಹೊಲಿದಿರಲಿಲ್ಲ, ರೇಷ್ಮೆ ಎಳೆಗಳು ಬಿಚ್ಚಿ ಜೋತಾಡುತ್ತಿದ್ದವು. ಮುಂದಿನ ಸಾಲಿನ ಕಾಲೇಜು ಹುಡುಗಿಯರು ಫೋನೆತ್ತಿ ಫೋಟೋ ಹೊಡೆದುಕೊಂಡರು. “ಹೊಸಾ ಸ್ಟೈಲ್ ಇರಬೇಕಲೇ,” ಎಂದಳೊಬ್ಬಳು.

ಸಭೆಯನ್ನು ನಗಿಸುವ ಹೊಣೆ ಎಂದಿನಂತೆ ನಾನೇ ಹೊತ್ತುಕೊಂಡಿದ್ದೆ. ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಕೇಳಿದೆ: “ಅಕ್ಕಾರ, ಎಲ್ಲಾರೂ ಇದನ್ನ ಕೇಳಾಕ ಕುಂತಾರ. ಸೆರಗಿಲ್ಲದ ಸೀರಿ, ಇದು ಈ ವರ್ಷದ ಲಕ್ಷುರಿ ಫ್ಯಾಷನ್ ಏನ್ರಿ?”

ಸಭೆ ನಕ್ಕಿತು. ಅವಳು ನಗು ಮುಗಿಯುವ ತನಕ ಕಾದು, ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಸೆರಗು ಅವ್ವ ಬಿಳೇ ಬಟ್ಟಿ ಒಳಗ ಉಟ್ಗೊಂಡು ಹೋಗ್ಯಾಳ್ರಿ ಮಾಸ್ತರ್ರ. ನಿಮ್ಮ ಮುನ್ನುಡಿ ಬರೂ ಮಟ ಕಾಯಾಕ ಆಗ್ಲಿಲ್ಲ ಆಕಿಗೆ.”