ಗಂಟೆ ಬಿಚ್ಚಿದ ಮೇಲೆ

ಎಪ್ಪತ್ತೆಂಟರ ಮಳೆಗಾಲದಲ್ಲಿ ಮುಂಡರಗಿ ಕಡೆಯ ಗುಡ್ಡಕ್ಕೆ ಅರಣ್ಯ ಇಲಾಖೆಯವರು ಲಾರಿಯಲ್ಲಿ ಜಿಂಕೆಗಳನ್ನು ತಂದು ಬಿಟ್ಟರು. ಕಾಯಲು ನಿಂತವನು ಕೊರ್ಲಹಳ್ಳಿಯ ಬುಡ್ಡೇಸಾಬ. ಹುಟ್ಟಾ ಆಡು ಕಾಯ್ದವನ ಬುದ್ಧಿ ಎಲ್ಲಿ ಹೋದೀತು? ಸಲಿಗೆಯಾದ ಒಂದು ಹೆಣ್ಣು ಜಿಂಕೆ ಎಲ್ಲಿ ಕಳೆದೀತೋ ಎಂದು ಅದರ ಕೊರಳಿಗೆ ಆಡಿನ ಗಂಟೆ ಕಟ್ಟಿಬಿಟ್ಟ. ಆ ಸದ್ದಿಗೆ ಬೆದರಿ ಉಳಿದ ಜಿಂಕೆಗಳು ಅದನ್ನು ಹತ್ತಿರವೇ ಸೇರಿಸಲಿಲ್ಲ. ಪಾಪ, ಅದು ಒಂಟಿಯಾಗಿ ಅವನ ಗುಡಿಸಲ ಮುಂದೆಯೇ ನಿಂತಿರುತ್ತಿತ್ತು.

‘ಇದು ಬದುಕಿದಂಗಲ್ಲೋ ಬುಡ್ಡೇಸಾಬ,’ ಅಂದರು ಇಲಾಖೆಯ ಸಾಹೇಬರು. ‘ಇಲ್ಲೇ ಮರಿ ಹಾಕಬೇಕು. ಆ ಮರಿ ಮನಷ್ಯಾರನ್ನ ಕಂಡ್ರ ಓಡಬೇಕು. ಆವಾಗ ನಾವು ಗೆದ್ದಂಗ.’

ಬುಡ್ಡೇಸಾಬ ಗಂಟೆ ಬಿಚ್ಚಿದ. ಜಿಂಕೆ ಗುಡ್ಡ ಸೇರಿತು. ಆಮೇಲೆ ಎರಡು ವರ್ಷ ಅದರ ಖಬರೇ ಇಲ್ಲ.

ಒಂದು ಮುಂಜಾನೆ ಅವನ ಕಡಲೆ ಹೊಲದಲ್ಲಿ ಅದೇ ಜಿಂಕೆ. ಕೊರಳಲ್ಲಿ ಗಂಟೆಯ ಹಗ್ಗ ತಿಕ್ಕಿದ ಗುರುತು, ಪಕ್ಕದಲ್ಲಿ ಮರಿ. ‘ಬಾ’ ಎಂದು ಕೈ ಚಾಚಿದ್ದೇ ತಡ, ಮರಿ ಚಂಗನೆ ಹಾರಿ ಓಡಿತು. ತಾಯಿ ಒಂದು ಗಳಿಗೆ ಅವನನ್ನು ನೋಡಿ ಮರಿಯ ಬೆನ್ನು ಹತ್ತಿತು.

ಹೆಂಡತಿ ಮೆಹಬೂಬಿ ಸಿಡುಕಿದಳು: ‘ಕಡ್ಲಿ ಎಲ್ಲಾ ಮೇದು ಹೋಗ್ಯಾವ, ನೀವು ನಗಾಕತ್ತೀರಲ್ರಿ!’

‘ನನ್ನ ಕಂಡು ಓಡಿಹೋತು ನೋಡ,’ ಅಂದ ಬುಡ್ಡೇಸಾಬ, ಕಣ್ಣೊರೆಸಿಕೊಳ್ಳುತ್ತ. ‘ಅಲ್ಲಾನ ದೊಡ್ಡ ಉಪಕಾರ. ಇನ್ನ ಅದಕ್ಕ ನಾ ಬ್ಯಾಡ.’